ಅತ್ತೆ ಎಂಜಿನ್ ತೊಳೆದ ವರ್ಷ

ಟಕ್, ಟಕ್, ಟಕ್. ಕಬ್ಬಿಣದ ಕುಟ್ಟಾಣಿಯಲ್ಲಿ ಯಾರೋ ಎಲೆಅಡಿಕೆ ಕುಟ್ಟುವ ಸದ್ದು. ಮೆಲ್ಲಗೆ ಹೋದರೆ ಮೆಲ್ಲಗೆ, ಆಕ್ಸಿಲರೇಟರ್ ಒತ್ತಿದರೆ ಬಿರುಸಾಗಿ, ಕಾರಿನ ಹೊಟ್ಟೆಯ ಆಳದಿಂದ ಬರುತ್ತಿತ್ತು. "ಟ್ಯಾಪೆಟ್ ಸೌಂಡು ಕಣಮ್ಮ, ಏನಿಲ್ಲ" ಎಂದು ನಮ್ಮ ಮಾವನವರು ಕೈ ಬೀಸಿಬಿಡುತ್ತಿದ್ದರು. ಅವರ ಮಾತಿಗೆ ಎದುರಾಡುವವರು ಮನೆಯಲ್ಲಿ ಇರಲಿಲ್ಲವಾದ್ದರಿಂದ ಎಂಜಿನ್ ಒಂದೇ ಎದುರಾಡುತ್ತಿತ್ತು.

ಮೊನ್ನೆ ಹುಣಸೂರಿನ ಬಸ್‌ಸ್ಟ್ಯಾಂಡ್ ಎದುರು ಎಳನೀರು ಕುಡಿಯುತ್ತಾ ನಿಂತಿದ್ದೆ. ಹೊಗೆ ಕಾರುತ್ತಾ ಒಂದು ಗೂಡ್ಸ್ ಗಾಡಿ ಪಕ್ಕದಲ್ಲಿ ಹಾದುಹೋಯಿತು. ಅದೇ ಸದ್ದು. ಸ್ಟ್ರಾ ಬಾಯಲ್ಲೇ ಇತ್ತು, ಹೀರುವುದು ಮರೆತುಹೋಯಿತು. "ಯಾಕವ್ವ, ಸಪ್ಪಗದಾ?" ಎಂದು ಎಳನೀರಿನವನು ಕೇಳಿದ. "ಇಲ್ಲಪ್ಪ, ಸಿಹಿಯಾಗೇ ಇದೆ" ಎಂದೆ. ಆದರೆ ನಾನು ಆಗಲೇ ಅಲ್ಲಿರಲಿಲ್ಲ. ತೊಂಬತ್ತರ ದಶಕದ ಕೊನೆಯ ಒಂದು ದಸರಾಕ್ಕೆ, ನಮ್ಮ ಹಳೆಯ ಬ್ಯಾರನ್ನಿನ ಬಾಗಿಲಿಗೆ ಹೋಗಿ ನಿಂತಿದ್ದೆ.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳು ನನಗೆ ಪಿಯಾನೋ, ಎಂಬ್ರಾಯ್ಡರಿ, ಪರ್ಫೆಕ್ಟ್ ಕರ್ಸಿವ್ ಎಲ್ಲ ಕಲಿಸಿದ್ದರು. ಮದುವೆಯಾಗಿ ಬಂದದ್ದು ಪಿರಿಯಾಪಟ್ಟಣದಿಂದ ಒಳಗಿನ ಒಂದು ಹೊಗೆಸೊಪ್ಪಿನ ಊರಿಗೆ. ಅಲ್ಲಿ ಪಿಯಾನೋ ಇರಲಿಲ್ಲ. ಸೊಪ್ಪು ಬೇಯಿಸುವ ಎರಡು ಬ್ಯಾರನ್‌ಗಳಿದ್ದವು, ಎತ್ತರದ ಗೋಡೆಯ, ಕಿಟಕಿಯಿಲ್ಲದ ಕಟ್ಟಡಗಳು. ಹೊಸದರಲ್ಲಿ ಸೊಪ್ಪು ಬೇಯುತ್ತಿತ್ತು, ಕುಲುಮೆ ಕುಸಿದ ಹಳೆಯದರಲ್ಲಿ ಮಾವನವರ ಅಂಬಾಸಿಡರ್ ನಿಲ್ಲುತ್ತಿತ್ತು. ಕೊಡಗಿನ ಒಬ್ಬ ಪ್ಲಾಂಟರಿಂದ ಕೊಂಡ, ಕೆನೆಬಣ್ಣದ ಡೀಸೆಲ್ ಗಾಡಿ. ಅದರ ಸೀಟಿಗೆ ಕೊನೆಯವರೆಗೂ ಕಾಫಿಯ ವಾಸನೆಯಿತ್ತು.

ಆ ಕಾರಿನಲ್ಲೇ ನಮ್ಮ ಮನೆ ಎರಡಾದದ್ದು. ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲು ಎಂಬ ಕಾನೂನು ಆಗಷ್ಟೇ ಬಂದಿತ್ತು. ಊರೂರಲ್ಲಿ ಅಪ್ಪಂದಿರು ಕೊಟ್ಟ ಹೆಣ್ಣುಮಕ್ಕಳನ್ನು ಕರೆಸಿ, ಒಬ್ಬಟ್ಟು ಬಡಿಸಿ, ಸೀರೆ ಉಡಿಸಿ, 'ನನಗೆ ಪಾಲು ಬೇಡ' ಎಂದು ಸಹಿ ಹಾಕಿಸಿಕೊಳ್ಳುತ್ತಿದ್ದರು. ಮಾವನವರೂ ತಮ್ಮ ಒಬ್ಬಳೇ ಮಗಳು ಜಯಳನ್ನು ಎಚ್.ಡಿ. ಕೋಟೆಯಾಚೆಯ ಅಂತರಸಂತೆಯಿಂದ ಕರೆಸಿದರು. ಒಬ್ಬಟ್ಟೂ ಆಯಿತು, ಸೀರೆಯೂ ಆಯಿತು. ಪಿರಿಯಾಪಟ್ಟಣದ ಸಬ್‌ರಿಜಿಸ್ಟ್ರಾರ್ ಕಚೇರಿ ಮುಂದೆ ಕಾರು ನಿಂತಾಗ ಜಯ ಇಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು.

"ನಾನು ಹಾಕಲ್ಲ ಅಪ್ಪ," ಎಂದಳು. "ಭೂಮಿ ಆಸೆಗಲ್ಲ. ನಾನೂ ಇಲ್ಲೇ ಹುಟ್ದೋಳು ಅಂತ ಎಲ್ಲಾದ್ರೂ ಒಂದು ಕಡೆ ಇರ್ಲಿ."

ಮಾವನವರು ತಿರುಗಿ ನೋಡಲಿಲ್ಲ. "ಅಂಗಾರೆ ಇಳಿ," ಎಂದರು.

ಅವಳು ಸೀರೆಯ ಪೊಟ್ಟಣವನ್ನು ಸೀಟಿನ ಮೇಲಿಟ್ಟು ಇಳಿದು, ಬಸ್‌ಸ್ಟ್ಯಾಂಡಿನ ಕಡೆ ನಡೆದೇ ಹೋದಳು. ಮಾವನವರು ಸ್ಟಿಯರಿಂಗ್ ಮೇಲೆ ಕೈಯಿಟ್ಟು ಹೇಳಿದ ಮಾತು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು: "ಈ ಗಾಡಿ ಚಕ್ರ ಇನ್ನು ಅಂತರಸಂತೆ ದಾರಿ ತುಳಿಯಾಕಿಲ್ಲ. ನನ್ನ ಮನೇವ್ರು ಯಾರೂ ತುಳಿಯಾಕಿಲ್ಲ." ಸಿಂಪ್ಲಿ ಲೈಕ್ ದಟ್. ಹೆತ್ತ ಮಗಳನ್ನು ಹೀಗೂ ಮುಗಿಸಿಬಿಡಬಹುದು ಎನ್ನುವುದು ಅವತ್ತು ನನ್ನನ್ನು ಕಲ್ಲು ಮಾಡಿತ್ತು. ಅಡುಗೆಮನೆಯಲ್ಲಿ ಅತ್ತೆ ಸುದ್ದಿ ಕೇಳಿ, ಉಳಿದ ಹೂರಣವನ್ನು ದನಕ್ಕೆ ಹಾಕಿಬಂದರು.

ಆಮೇಲೆ ಕಾರಿಗೆ ಆ ಸದ್ದು ಹಿಡಿಯಿತು. ಮಾವನವರು ತೀರಿಕೊಂಡರು. ಜಯ ಮಸಣಕ್ಕೇ ಬಂದು ಅಲ್ಲಿಂದಲೇ ಹಿಂದಿರುಗಿದಳು, ಮನೆಗೆ ಬರಲಿಲ್ಲ. ಮನೆಯಲ್ಲಿದ್ದ ಅತ್ತೆ ಅವಳ ಮುಖ ನೋಡಲಿಲ್ಲ. ಅತ್ತೆ ಜಾರಿ ಬಿದ್ದು ಸೊಂಟ ಮುರಿದುಕೊಂಡು, ಕೋಲು ಹಿಡಿದು ಜಗಲಿಯವರೆಗೆ ಮಾತ್ರ ನಡೆಯುವಂತಾದರು. ಕಾರು ಹಳೆಯ ಬ್ಯಾರನ್ನಿನಲ್ಲಿ ಕೋಳಿಗಳಿಗೆ ಮೊಟ್ಟೆಯಿಡುವ ಜಾಗವಾಯಿತು.

ಆ ದಸರಾದ ವರ್ಷ ಸೊಪ್ಪಿನ ಕೆಲಸ ಮುಗಿಯುತ್ತಾ ಬಂದಿತ್ತು. ಬ್ಯಾರನ್‌ಗಳಿಗೆ ಸೌದೆ ಹೊಡೆಯುವ ಟೆಂಪೋ ನಮ್ಮವರ ಚಿಕ್ಕಪ್ಪನ ಮಗ ಚೆನ್ನನದು. ಕೋಟೆಯ ಕಡೆಯಿಂದ ಬಂದವನು ಸೌದೆ ಇಳಿಸದೆ ಮೊದಲು ಅಡುಗೆಮನೆ ಬಾಗಿಲಿಗೆ ಬಂದ.

"ಅತ್ತಿಗೆ, ದೊಡ್ಡವ್ವಂಗೆ ಎಷ್ಟೇಳ್ಬೇಕೋ ನೀವೇ ನೋಡ್ಕಂಡೇಳಿ," ಎಂದ. "ಜಯಕ್ಕಂಗೆ ಹೊಟ್ಟೇಲಿ ಗೆಡ್ಡೆಯಂತೆ. ಮೈಸೂರ್ನಲ್ಲಿ ಕುಯ್ದು ನೋಡವ್ರೆ, ಅಂಗೇ ಹೊಲ್ದು ಮನೆಗೆ ಕಳ್ಸವ್ರೆ."

ಅತ್ತೆಗೆ ನಾವು ಹೇಳಿದ್ದು 'ಹುಷಾರಿಲ್ಲವಂತೆ' ಎಂದಷ್ಟೇ. ಉಳಿದದ್ದನ್ನು ಅವರು ನಮ್ಮ ಮುಖದಲ್ಲಿ ಎಷ್ಟು ಓದಿಕೊಂಡರೋ. "ನಾನು ಓಗ್ಬೇಕು," ಎಂದರು. ಆ ಮನೆಗೆ ಬಂದಾಗಿನಿಂದ ಅವರ ಬಾಯಲ್ಲಿ 'ನಾನು' ಎಂಬ ಮಾತು ಕೇಳಿದ್ದು ಅದೇ ಮೊದಲು.

"ನಾಳೆನೇ ಟ್ಯಾಕ್ಸಿ ತರ್ಸ್ತೀನಿ ಕಣವ್ವ," ಎಂದರು ಇವರು. ಇವರು ಅಂದರೆ ನನ್ನ ಯಜಮಾನರು. ಆ ಕಾಲದವಳು ನಾನು, ಹೆಸರು ಬರೆಯಲು ಈಗಲೂ ಪೆನ್ನು ಏಳುವುದಿಲ್ಲ.

"ಬಾಡಿಗೆ ಗಾಡೀಲಿ ಓದ್ರೆ ನಾನೊಬ್ಳು ಓದಂಗಾಯ್ತದೆ. ಈ ಗಾಡಿ ಓಗ್ಬೇಕು ಕಣೋ. ನಿಮ್ಮಪ್ಪನ ಮಾತ ಒತ್ಕಂಡು ಕುಂತಿರೋದು ಇದೇ ತಾನೆ."

ಹೀಗಾಗಿ ಮುನೀರ್ ಬಂದ. ಹುಣಸೂರಿನಲ್ಲಿ ಹೊಳೆ ಸೇತುವೆ ಹತ್ತಿರ ಅವನ ಗ್ಯಾರೇಜು. ಸ್ಟಾರ್ಟ್ ಮಾಡಿಸಿ, ಕಿವಿಗೆ ಉದ್ದನೆಯ ಸ್ಕ್ರೂಡ್ರೈವರ್ ಒತ್ತಿಕೊಂಡು ಕೇಳಿ, ತಕ್ಷಣ ಆಫ್ ಮಾಡಿಸಿದ. "ಗೌಡ್ರೆ, ತಲೆ ಸರಿಯಾಗೈತೆ. ಕಾಲು ಹೋಗೈತೆ. ಮೇಲಿಂದು ನಾನು ಮುಟ್ಟಲ್ಲ, ಕೆಳಗಿಂದು ಮಾತ್ರ ಮಾಡ್ಕೊಡ್ತೀನಿ. ಪೂರ್ತಿ ಮಾಡ್ಸೋದಾದ್ರೆ ಹೊಸಾ ಎಂಜಿನ್ನೇ ತಗೊಳ್ಳಿ." ಹೊಸ ಎಂಜಿನ್ ಹಾಕಿಸುವ ಶಕ್ತಿ ನಮಗಿರಲಿಲ್ಲ, ಸೊಪ್ಪಿನ್ನೂ ಹರಾಜಿಗೇ ಹೋಗಿರಲಿಲ್ಲ. ಕೆಳಗಿನದೇ ಆಗಲಿ ಎಂದಾಯಿತು.

ಸೊಪ್ಪು ನೇತುಹಾಕುವ ಬ್ಯಾರನ್ನಿನ ಅಡ್ಡಮರಗಳಿಗೇ ಸರಪಣಿ ಹಾಕಿ ಎಂಜಿನ್ ಎತ್ತಿದರು. ತಳದ ತೊಟ್ಟಿ ಬಿಚ್ಚಿದಾಗ ಕಪ್ಪು ಎಣ್ಣೆಯೊಳಗೆ ಬೆಳ್ಳಿಯ ಪುಡಿ ಮಿನುಗುತ್ತಿತ್ತು. ನಾನು ಬಗ್ಗಿ ನೋಡುತ್ತಿದ್ದೆ. "ಚೆಂದ ಕಾಣ್ತದಲ್ವಾ ಅಮ್ಮ?" ಎಂದ ಮುನೀರ್, "ಅದೇ ನಿಮ್ಮ ಬೇರಿಂಗು." ಬಳೆಯನ್ನು ಎರಡು ಹೋಳು ಮಾಡಿದ ಹಾಗಿದ್ದ ತೆಳ್ಳನೆಯ ಚಿಪ್ಪುಗಳನ್ನು ತೆಗೆದು ತೋರಿಸಿದ. ಅವು ಸವೆದು ಒಳಗಿನ ತಾಮ್ರ ಕಾಣುತ್ತಿತ್ತು. ಮಾವನವರ ಟ್ಯಾಪೆಟ್ ಸೌಂಡು ಅಷ್ಟು ವರ್ಷ ಅಲ್ಲಿತ್ತು.

ಕ್ರ್ಯಾಂಕ್ ಎಂದರೆ ಎಂಜಿನ್ನಿನ ಬೆನ್ನುಮೂಳೆ. ಅದನ್ನು ಇವರು ಹಳೆಯ ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮೈಸೂರಿಗೆ ಒಯ್ದು, ಲೇತಿನಲ್ಲಿ ಉಜ್ಜಿಸಿ ತಂದರು. ಎಳೆಮಗು ಎಂದುಕೊಂಡು ಯಾರೋ ಹೆಂಗಸು ಸೀಟು ಬಿಟ್ಟುಕೊಟ್ಟಳಂತೆ. ಉಜ್ಜಿದಷ್ಟು ಸಣ್ಣಗಾದ ಕ್ರ್ಯಾಂಕಿಗೆ ಅಷ್ಟು ದಪ್ಪದ ಹೊಸ ಚಿಪ್ಪುಗಳು ಬಂದವು. ಎಣ್ಣೆ ಪಂಪಿನ ಸಂದಿ ಸೋರದಂತೆ ಹಾಕುವ ಹೊಸ ಗ್ಯಾಸ್ಕೆಟ್ ತರುವ ಬದಲು ಮುನೀರ್ ನಮ್ಮ ಮನೆಯಲ್ಲಿದ್ದ ಒಂದು ದಪ್ಪ ಲಗ್ನಪತ್ರಿಕೆ ಕೇಳಿ ತೆಗೆದುಕೊಂಡು, ಲೋಹದ ಅಂಚಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕತ್ತರಿಸಿದ. ವಧುವಿನ ಹೆಸರು ಎಂಜಿನ್ ಒಳಗೆ ಹೋಯಿತು, ವರನ ಹೆಸರು ನೆಲಕ್ಕೆ ಬಿತ್ತು.

ಆಯುಧಪೂಜೆಯ ಹಿಂದಿನ ದಿನ ಎಲ್ಲ ಸಿದ್ಧವಾಗಿತ್ತು. ಹಬ್ಬ ಮುಗಿಸಿ ಬಂದು ಜೋಡಿಸುತ್ತೇನೆ ಎಂದು ಮುನೀರ್ ಒಂದೊಂದು ತುಂಡಿಗೂ ಎಣ್ಣೆ ಸವರಿ, ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟು, ಮೇಲೆ ಹಳೇ ಪಂಚೆ ಹೊದಿಸಿದ. ಕ್ರ್ಯಾಂಕನ್ನು ಅದುಮಿ ಹಿಡಿಯುವ ಕ್ಯಾಪುಗಳಲ್ಲಿ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲವಂತೆ. "ಈ ಸಾಲು ಕೆಡಬಾರ್ದು, ಯಾರೂ ಮುಟ್ಬೇಡಿ," ಎಂದು ಇವರಿಗೆ, ನನಗೆ, ನಾಯಿಗೆ ಕೂಡ ಹೇಳಿದ. ಜಗಲಿ ದಾಟದ ಅತ್ತೆಗೂ ಹೇಳಬೇಕೆಂದು ಯಾರಿಗೂ ತೋಚಲಿಲ್ಲ.

ಹಬ್ಬದ ಬೆಳಿಗ್ಗೆ ನಾವಿಬ್ಬರೂ ಬೂದುಗುಂಬಳ, ಬಾಳೆಕಂದು, ಹೂವು ತರಲು ಪಿರಿಯಾಪಟ್ಟಣಕ್ಕೆ ಹೋಗಿದ್ದೆವು. ಹಿಂದಿರುಗಿ ಬ್ಯಾರನ್ನಿನ ಬಾಗಿಲಿಗೆ ಬಂದ ಇವರು ನಿಂತಲ್ಲೇ ನಿಂತರು. ಹಿಂದೆ ಬರುತ್ತಿದ್ದ ನಾನು ಇವರ ಬೆನ್ನಿಗೆ ಡಿಕ್ಕಿ ಹೊಡೆದೆ.

ಬಾಗಿಲಿನಿಂದ ಬಿದ್ದ ಬಿಸಿಲಿನಲ್ಲಿ, ತೊಳೆದ ಬಾಳೆಲೆಯ ಮೇಲೆ ಇಡೀ ಎಂಜಿನ್ ಫಳಫಳ ಹೊಳೆಯುತ್ತಿತ್ತು. ಹುಣಸೆಹಣ್ಣು ಹಚ್ಚಿ, ಒಲೆಬೂದಿ ಹಾಕಿ, ತೆಂಗಿನ ನಾರಿನಲ್ಲಿ ಗಸಗಸ ಉಜ್ಜಿ, ಕೊಡಗಟ್ಟಲೆ ನೀರಿನಲ್ಲಿ ತೊಳೆದಿದ್ದರು. ದೊಡ್ಡವನ್ನು ನಡುವೆ, ಚಿಕ್ಕವನ್ನು ಸುತ್ತಲೂ, ನೋಡಲು ಅಂದವಾಗಿ ಜೋಡಿಸಿದ್ದರು. ಕ್ರ್ಯಾಂಕಿಗೆ ಗಂಧ, ಅರಿಶಿನ. ಒಂದೊಂದು ಕ್ಯಾಪಿಗೂ ಒಂದೊಂದು ಕುಂಕುಮದ ಬೊಟ್ಟು. ಬೇರಿಂಗ್ ಚಿಪ್ಪುಗಳ ತುಂಬ ಅಕ್ಷತೆ. ನಡುವೆ ಮಣೆಯ ಮೇಲೆ ಅತ್ತೆ, ಮೊಣಕೈವರೆಗೂ ಬೂದಿ. ಪಕ್ಕದಲ್ಲಿ ಮನೆಗೆಲಸದ ಕೆಂಪಮ್ಮ ಖಾಲಿ ಕೊಡ ಹಿಡಿದು, "ನಾನು ಬ್ಯಾಡ ಅಂತಾನೇ ಇದ್ದೆ ಕಣವ್ವ," ಎಂದು ನನಗೇ ಹೇಳಿದಳು.

"ಎಲ್ಲ ಜಿಡ್ಡಿಡ್ಕಂಡಿತ್ತು," ಎಂದರು ಅತ್ತೆ. ಹೆಮ್ಮೆಯ ದನಿ. "ವರ್ಸದ ಅಬ್ಬದಲ್ಲಿ ಅಂಗಿಟ್ರೆ ಯಾವ ದೇವ್ರು ಒಪ್ತಾನೆ? ಈಗ ನೋಡು, ಬಿರ್ರನೆ ಓಡ್ತದೆ."

ಮೊದಲು ನನ್ನನ್ನು ಬಡಿದದ್ದು ಎಂಜಿನ್ ಅಲ್ಲ, ಕುಂಕುಮ. ಮಾವನವರು ಹೋದಂದಿನಿಂದ ಅತ್ತೆ ಕುಂಕುಮದ ಭರಣಿಯನ್ನು ಬೆರಳಿನಿಂದ ಸೋಕಿಸಿರಲಿಲ್ಲ. ನನಗೇ ಬೇಕಾದರೂ "ತಗಾ ಕಣವ್ವ" ಎಂದು ದೂರದಿಂದ ತೋರಿಸುತ್ತಿದ್ದರು. ಆ ಹೆಂಗಸು, ಜಗಲಿ ಇಳಿಯಲಾರದ ಹೆಂಗಸು, ಅಂಗಳ ದಾಟಿ ಬಂದು, ತನ್ನ ಕೈಯಾರೆ ಬೊಟ್ಟಿಟ್ಟಿದ್ದರು. ಆ ಗಾಡಿ ಮಗಳ ಬಾಗಿಲಿಗೆ ಹೋಗಲಿ ಎಂದು.

ಇವರು ಹೊರಗೆ ಹೋಗಿ ಬೂದುಗುಂಬಳದ ಪಕ್ಕ ಕೂತರು. ನಾವು ಬಟ್ಟೆಯಿಂದ ಒರೆಸಿದ್ದು, ಮತ್ತೆ ಎಣ್ಣೆ ಹಚ್ಚಿದ್ದು ಯಾವುದೂ ಪ್ರಯೋಜನಕ್ಕೆ ಬರಲಿಲ್ಲ. ಮುನೀರ್ ಬರುವಷ್ಟರಲ್ಲಿ ಉಜ್ಜಿಸಿ ತಂದಿದ್ದ ಕ್ರ್ಯಾಂಕಿನ ಮೇಲೆ ಹುಣಸೆಯ ಹುಳಿಗೆ ತುಕ್ಕಿನ ಕಂದು ಪೊರೆ ಕಟ್ಟಿತ್ತು. ಹೊಸ ಚಿಪ್ಪುಗಳ ಮೆತ್ತನೆಯ ಮೈಮೇಲೆ ಬೂದಿಯ ಗೀರುಗಳು. ಎಣ್ಣೆ ಹರಿಯುವ ರಂಧ್ರಗಳಲ್ಲಿ ಗಂಧ ಒಣಗಿ ಕಲ್ಲಾಗಿತ್ತು.

ಮುನೀರ್ ಒಂದು ಕ್ಯಾಪ್ ಎತ್ತಿ ನೋಡಿ, ಇನ್ನೊಂದು ಎತ್ತಿ ನೋಡಿ, ಹಳೆಯ ಟೈರಿನ ಮೇಲೆ ಕೂತುಬಿಟ್ಟ. ಅವನ ಬಾಯಿ ಕೆಟ್ಟದೆಂದು ಹುಣಸೂರಿಗೆಲ್ಲ ಗೊತ್ತು, ಇವತ್ತು ಏನು ಕೇಳಬೇಕೋ ಎಂದು ನಾನು ಹೆದರಿದ್ದೆ. "ಅವ್ವಾರೆ," ಎಂದ ಕೊನೆಗೆ, "ಬಂಗಾರದಂಗೆ ಮಾಡಿದ್ದೀರಿ. ಏನ್ಮಾಡ್ಲಿ, ಬಂಗಾರದ ಎಂಜಿನ್ ಓಡಲ್ಲ."

ಅತ್ತೆ ಅವನ ಮುಖ, ಮಗನ ಮುಖ, ನನ್ನ ಮುಖ ನೋಡಿದರು. "ಅಂಗಾರೆ ಈ ವಾರ ಓಗಾಕಾಗಲ್ವಾ?"

ಮುನೀರ್ ತಲೆಯಲ್ಲಾಡಿಸಿದ. "ಮತ್ತೆ ಲೇತಿಗೋಗ್ಬೇಕು. ಮತ್ತೆ ಚಿಪ್ಪು ತರ್ಬೇಕು. ಇನ್ನೊಂದು ಸಲ ಉಜ್ಜಿದ್ರೆ ಮುಗೀತು, ಮೂರನೇ ಸಲಕ್ಕೆ ಅದ್ರಲ್ಲಿ ಮಾಂಸ ಇಲ್ಲ."

ಅತ್ತೆ ಮಣೆ ಎಳೆದುಕೊಂಡು ಕೂತು, ಸೆರಗಿನ ತುದಿಯಿಂದ ಒಂದೊಂದೇ ಕ್ಯಾಪಿನ ಕುಂಕುಮ ಒರೆಸತೊಡಗಿದರು. ನಮ್ಮ ಕಡೆ ಕುಂಕುಮ ಒರೆಸುವುದಕ್ಕೆ ಒಂದೇ ಅರ್ಥ. ಅದನ್ನು ನೋಡಲಾರದೆ ಮುನೀರನೂ ಎದ್ದು ಹೊರಗೆ ಹೋದ.

ಆಮೇಲೆ ಅತ್ತೆ ಸರಿಯಾಗಿ ಉಣ್ಣಲಿಲ್ಲ. ಟ್ಯಾಕ್ಸಿ ಎಂದರೆ ಗೋಡೆಗೆ ತಿರುಗುತ್ತಿದ್ದರು. ಇವರು ಮತ್ತೆ ಕ್ರ್ಯಾಂಕ್ ಹೊತ್ತು ಬಸ್ಸು ಹತ್ತಿದರು. ಎಂಜಿನ್ ತೊಳೆದ ಕಥೆ ಮಾತ್ರ ನಮಗಿಂತ ಬೇಗ ಓಡಿ ಅಂತರಸಂತೆ ಮುಟ್ಟಿತು. ಸೌದೆ ಟೆಂಪೋ ಇರುವಾಗ ಸುದ್ದಿಗೆ ಬೇರೆ ಪೋಸ್ಟ್ ಯಾಕೆ ಬೇಕು.

ಒಂದು ಮಧ್ಯಾಹ್ನ ಚೆನ್ನನ ಟೆಂಪೋ ಅಂಗಳದಲ್ಲಿ ನಿಂತಿತು. ಮುಂದಿನ ಬಾಗಿಲಿನಿಂದ ಒಬ್ಬ ಹೆಂಗಸು ಕಂಬಿ ಹಿಡಿದು ನಿಧಾನವಾಗಿ ಇಳಿದಳು. ಕೈಗಳು ಸೊಪ್ಪು ಪೋಣಿಸುವ ಕಡ್ಡಿಯ ಹಾಗೆ, ಕೆನ್ನೆಯ ಜಾಗದಲ್ಲಿ ಗುಂಡಿ, ಸೀರೆಯೊಳಗೆ ಮೈಯಿದೆಯೋ ಇಲ್ಲವೋ. ಜಗಲಿಯಲ್ಲಿ ಮೊರದಲ್ಲಿ ರಾಗಿ ಹಿಡಿದು ಕೂತಿದ್ದ ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ಯಾರವ್ವ ನೀನು? ಕೂಲಿಗೆ ಬಂದ್ಯಾ? ಸೊಪ್ಪು ಪೋಣ್ಸೋ ಕೆಲ್ಸ ಮುಗೀತು ಕಣವ್ವ."

ಆ ಹೆಂಗಸು ಟೆಂಪೋ ಹಿಡಿದುಕೊಂಡೇ ನಿಂತಳು. ಹಿಂದೆ ಚೆನ್ನ ನೆಲ ನೋಡುತ್ತಿದ್ದ. "ಮುಗೀತಾ?" ಎಂದಳು. "ಅಂಗಾರೆ ಎಂಜಿನ್ ತೊಳಿಯಾ ಕೆಲ್ಸ ಇದ್ರೆ ಕೊಡವ್ವ."

ಮೊರ ಕೈಯಿಂದ ಜಾರಿ ರಾಗಿ ಜಗಲಿಯ ತುಂಬ ಚೆಲ್ಲಿತು. ಅತ್ತೆಯ ಬಾಯಿಂದ ಬಂದದ್ದು ಮಾತಲ್ಲ, ಕರುವನ್ನು ಕಂಡ ಹಸುವಿನ ಹಾಗೆ ಒಂದು ಸ್ವರ. ನನ್ನ ಕೈಯಲ್ಲಿ ಕಾಫಿಲೋಟ ಇತ್ತು, ಅದನ್ನು ಎಲ್ಲಿಟ್ಟೆನೋ ಇವತ್ತಿಗೂ ನೆನಪಿಲ್ಲ. ಹೆತ್ತ ತಾಯಿಗೇ ಗುರುತು ಸಿಗದ ಹಾಗೆ ಒಂದು ಜೀವ ಕರಗಬಹುದೆಂದು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಜಯ ಉಳಿದಳು. ಕ್ರ್ಯಾಂಕ್ ಬಂದ ಮೇಲೆ ದಿನವೂ ಬ್ಯಾರನ್ನಿನಲ್ಲಿ, ಮುನೀರನ ಎದುರು ಮೂಟೆಗೆ ಒರಗಿ ಕೂತಿರುತ್ತಿದ್ದಳು. ಅಲ್ಲಿ ತಂಪು, ನೋವು ಕಡಿಮೆ ಅನ್ನಿಸುತ್ತೆ ಎನ್ನುತ್ತಿದ್ದಳು. ಅತ್ತೆ ಅಡುಗೆಮನೆಗೆ ಹೋದಾಗ ಒಮ್ಮೆ ನನಗೆ ಹೇಳಿದಳು: "ನನ್ನೂ ಇಂಗೇ ಬಿಚ್ಚಿ ನೋಡುದ್ರು ಅತ್ತಿಗೆ. ಅಲ್ಲಿ ನನ್ನ ಸೈಜಿನ ಚಿಪ್ಪು ಸಿಗಾಕಿಲ್ವಂತೆ." ಹೇಳಿ ನಕ್ಕಳು. ಮುನೀರನ ಸ್ಪ್ಯಾನರ್ ನಿಂತಿತು. ಹೌ ಕುಡ್ ಶಿ ಲಾಫ್, ಎಂದು ನನಗೆ ಕೋಪವೇ ಬಂತು.

ಸಾಲು ಕೆಟ್ಟ ಕ್ಯಾಪುಗಳನ್ನು ಮುನೀರ್ ಒಂದೊಂದಾಗಿ ಕೂರಿಸಿ, ಬಿಗಿದು, ಕೈಯಿಂದ ಕ್ರ್ಯಾಂಕ್ ತಿರುಗಿಸಿ ನೋಡುತ್ತಿದ್ದ. ಬಿಗಿ ಬಂದರೆ ಅದು ಆ ಜಾಗದ್ದಲ್ಲ, ಬಿಚ್ಚಿ ಇನ್ನೊಂದು. ಬಯ್ಯುತ್ತಾ ಬಿಚ್ಚುತ್ತಿದ್ದ, ಬಯ್ಯುತ್ತಾ ಬಿಗಿಯುತ್ತಿದ್ದ. ಕೊನೆಯದು ಬಿಗಿದ ಮೇಲೆ "ಅಕ್ಕ, ನೀವೇ ತಿರುಗ್ಸಿ," ಎಂದ. ಜಯ ಎದ್ದು ಬಂದು ಎರಡು ಬೆರಳಿನಿಂದ ತಳ್ಳಿದಳು. ಅಷ್ಟು ಭಾರದ ಕಬ್ಬಿಣ ಸದ್ದಿಲ್ಲದೆ, ನೀರಿನಲ್ಲಿ ತಿರುಗಿದ ಹಾಗೆ ತಿರುಗಿತು. ಅವಳು ಮತ್ತೆ ತಳ್ಳಿದಳು. ಇನ್ನೂ ಒಮ್ಮೆ.

ಎಂಜಿನ್ ಸ್ಟಾರ್ಟ್ ಆದಾಗ ಇವರು ಬಾನೆಟ್ ಮೇಲೆ ಬಗ್ಗಿ ಬಹಳ ಹೊತ್ತು ಕೇಳಿದರು. ಕುಟ್ಟಾಣಿ ನಿಂತಿತ್ತು.

"ನಾನೇ ಬಂದ್ನಲ್ಲವ್ವ, ನೀನಿನ್ಯಾಕೆ ಆ ದೂರ?" ಎಂದಳು ಜಯ.

"ನೀನು ಬಂದಿದ್ದು ನಿನ್ನ ದೊಡ್ಡಸ್ತಿಕೆ," ಎಂದರು ಅತ್ತೆ. "ನಾನು ಬರೋದು ನನ್ನ ಕೆಲ್ಸ. ಏಳು, ಸೀರೆ ಉಟ್ಕೋ."

ಹೊರಟೆವು. ಹೊಸ ಚಿಪ್ಪು ಹೊಂದಿಕೊಳ್ಳುವವರೆಗೆ ನಲವತ್ತರ ಮೇಲೆ ಹೋಗಬಾರದೆಂದು ಮುನೀರ್ ಇವರಿಂದ ಆಣೆ ಮಾಡಿಸಿದ್ದ. ಹುಣಸೂರು ದಾಟಿತು, ಕೋಟೆ ದಾಟಿತು. ಹತ್ತಿಯ ಕಾಯಿ ಒಡೆದು ಹೊಲಗಳು ಬಿಳಿಯಾಗಿದ್ದವು. ಎತ್ತಿನ ಗಾಡಿಯೊಂದು ಬಿಟ್ಟರೆ ಮಿಕ್ಕವೆಲ್ಲ ನಮ್ಮನ್ನು ಹಿಂದೆ ಹಾಕಿದವು. ಇವರು ಎರಡು ಸಲ ಗಂಟಲು ಸರಿಮಾಡಿಕೊಂಡು, "ಜಯ, ಆ ಸಹಿ ವಿಚಾರ, ನಿನ್ನ ಪಾಲು ನಿಂದೇ..." ಎಂದು ಶುರುಮಾಡಿದರು.

"ಸುಮ್ನೆ ಗಾಡಿ ನೋಡ್ಕಂಡು ಓಡ್ಸಣ್ಣ," ಎಂದಳು ಅವಳು ಅತ್ತೆಯ ಹೆಗಲ ಮೇಲಿಂದ. "ನಲವತ್ತೈದಾಗದೆ."

ಅಂತರಸಂತೆಯ ದಾರಿಗೆ ತಿರುಗಿದಾಗ ಅತ್ತೆ ಗಾಜು ಇಳಿಸಿ, ತಲೆ ಹೊರಗೆ ಹಾಕಿ, ಕೆಳಗೆ ತಿರುಗುತ್ತಿದ್ದ ಚಕ್ರವನ್ನೇ ನೋಡಿದರು. ಸೆರಗು ಗಾಳಿಗೆ ಹಾರಿದರೂ ತಲೆ ಒಳಗೆ ತರಲಿಲ್ಲ.

ಜಯಳ ಮನೆ ಊರಾಚೆ, ಕಾಕನಕೋಟೆ ಕಾಡಿನ ಕಡೆಗೆ. ಓಣಿ ಕಾರಿಗೆ ಸಾಲದು. ಜಯಳ ಗಂಡ ಮಹದೇವ ಓಡಿಬಂದು, "ಇಲ್ಲೇ ಇಳೀರಿ ಅತ್ತೆ, ನಾನು ಎತ್ಕಂಡೋಯ್ತೀನಿ," ಎಂದ. ಅತ್ತೆ ಅಲ್ಲಾಡಲಿಲ್ಲ. "ಬಾಗಿಲಗಂಟ," ಎಂದರು.

ಜಯ ಇಳಿದಳು. ಅವರ ಹೊಲದ ಬೇಲಿಯ ಒಂದು ಗೂಟ ಹಿಡಿದು ಎಳೆಯತೊಡಗಿದಳು. ಮಹದೇವ ತಡೆಯಲು ಹೋದವನು, ಅವಳ ಮುಖ ನೋಡಿ, ಪಕ್ಕದ ಗೂಟಕ್ಕೆ ಕೈಹಾಕಿದ. ನೆರೆಯವರೂ ಬಂದರು. ಬೇಲಿ ಬಿದ್ದ ಜಾಗದಲ್ಲಿ, ಹುರುಳಿಯ ಹೊಲದ ಮೇಲೆ, ಮಾವನವರ ಕಾರು ಮಗಳ ಬಾಗಿಲ ಮುಂದೆ ಹೋಗಿ ನಿಂತಿತು. ಅತ್ತೆ ಕೋಲೂರಿ ಹೊಸಿಲು ದಾಟಿ ಒಳಗೆ ಹೋದರು. ಸಂಜೆ ಹೊರಡುವಾಗ ಹೊರಗೆ ಬರಲಿಲ್ಲ. "ನೀವೋಗಿ," ಎಂದರು ಒಳಗಿನಿಂದಲೇ. "ಇವ್ಳ ಜೊತೆ ಇರ್ತೀನಿ." ಮದುವೆಯಾಗಿ ಬಂದಮೇಲೆ ಗಂಡನ ಮನೆ ಬಿಟ್ಟು ಬೇರೆಲ್ಲೂ ಮಲಗದ ಹೆಂಗಸು. ಇವರು ಅಂಗಳದಲ್ಲಿ ಕಾರಿನ ಕೀ ಹಿಡಿದು ನಿಂತೇ ಇದ್ದರು. ಜಯಳ ಕೊನೆಯ ಉಸಿರಿನವರೆಗೂ ಅತ್ತೆ ಅಲ್ಲೇ ಇದ್ದರು. ಆ ದಿನ ಕಾರ್ತಿಕ ಮುಗಿಯುವುದಕ್ಕೂ ಬಹಳ ಮುಂಚೆಯೇ ಬಂತು.

ಆ ಸಂಜೆ, ಇನ್ನಷ್ಟು ಹುರುಳಿ ತುಳಿಯದೆ ಕಾರು ತಿರುಗಿಸಲು ಅಲ್ಲಿ ಜಾಗವಿರಲಿಲ್ಲ. ರಿವರ್ಸಿನಲ್ಲೇ ಹೊಲ ದಾಟಿ ರಸ್ತೆಯವರೆಗೆ ಬರಬೇಕು. ಇವರಿಗೆ ಆ ವಿದ್ಯೆ ಅಷ್ಟಕ್ಕಷ್ಟೆ. ಜಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆ ಹೋಗಿ ನಿಂತಳು. ಬಸ್ಸಿನ ಕ್ಲೀನರನ ಹಾಗೆ ಕೈಯಾಡಿಸುತ್ತಾ, "ಬರ್ಲಿ, ಬರ್ಲಿ, ಎಡಕ್ಕೆ, ಎಡಕ್ಕೆ ಕಣಣ್ಣ, ಅದು ಬಲ," ಎಂದು ಕೂಗಿದಳು. ಅಷ್ಟು ದೊಡ್ಡ ದನಿ ಅವಳಲ್ಲಿ ಎಲ್ಲಿ ಉಳಿದಿತ್ತೋ. ಕಾರು ರಸ್ತೆಗೆ ಬಂದು ನೆಟ್ಟಗಾದಾಗ ಡಿಕ್ಕಿಯ ಮೇಲೆ ಅಂಗೈಯಿಂದ ಎರಡೇಟು ಬಡಿದಳು.

"ರೈಟ್," ಎಂದಳು.

ನಾನು ಸೀಟಿನಲ್ಲಿ ಪೂರ್ತಿ ಹಿಂದೆ ತಿರುಗಿ ಕೂತೆ. ಧೂಳಿನಲ್ಲಿ ಅವಳು ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದನ್ನು ಮೇಲೆತ್ತಿ ಹಿಡಿದು ನಿಂತಿದ್ದಳು, ಮುಂದೆ ಹೋಗಿ, ದಾರಿ ಸರಿಯಾಗಿದೆ ಎನ್ನುವ ಹಾಗೆ. ತಿರುವು ಬರುವವರೆಗೂ ಆ ಕೈ ಇಳಿಯಲಿಲ್ಲ.